ನಾಲ್ಕು ಸ್ಲೇಟು, ಐದನೆಯ ತೂಕ

ಗಿಟ್ ತಂತ್ರಾಂಶದ ಒಡಲಲ್ಲಿ ನಾಲ್ಕು ಸ್ಲೇಟುಗಳಿವೆ: ಕಂಪ್ಯೂಟರಿನ ನೆನಪಿನಲ್ಲಿ ಬರೆದು ಒರೆಸುವ ನಾಲ್ಕು ಜಾಗಗಳು. ಕಡತಗಳಲ್ಲಿ ಆದ ಬದಲಾವಣೆಯ ಒಂದೊಂದು ದಾಖಲೆಯನ್ನೂ ಗಿಟ್ ‘ಕಮಿಟ್’ ಎನ್ನುತ್ತದೆ. ಪ್ರೊಗ್ರಾಮಿನ ಯಾವುದೋ ಮೂಲೆಯಿಂದ ‘ಈ ಕಮಿಟ್‌ನ ಗುರುತನ್ನು ಓದಲು ಬರುವಂತೆ ಬರೆದುಕೊಡು’ ಎಂಬ ಕೋರಿಕೆ ಬಂದರೆ, ಫಂಕ್ಷನ್ ಎಂಬ ಪ್ರೊಗ್ರಾಮಿನ ಪುಟ್ಟ ತುಣುಕೊಂದು 40 ಅಂಕಿ–ಅಕ್ಷರಗಳ ಆ ಸಾಲನ್ನು ಮೊದಲ ಸ್ಲೇಟಿನಲ್ಲಿ ಬರೆದು ಸ್ಲೇಟನ್ನೇ ತೋರಿಸುತ್ತದೆ. ನಕಲು ಕೊಡುವುದಿಲ್ಲ. ಮುಂದಿನ ಕೋರಿಕೆಗೆ ಎರಡನೆಯ ಸ್ಲೇಟು, ಅದರ ಮುಂದಿನದಕ್ಕೆ ಮೂರನೆಯದು. ಐದನೆಯವರು ಬಂದಾಗ ಮೊದಲ ಸ್ಲೇಟನ್ನು ಒರೆಸಿ ಅದರ ಮೇಲೆಯೇ ಬರೆಯುತ್ತದೆ. ಮೊದಲು ಕೇಳಿದವರು ಓದಿ ಮುಗಿಸಿದರೇ ಎಂದು ವಿಚಾರಿಸುವ ಪದ್ಧತಿ ಅಲ್ಲಿಲ್ಲ.

ಇದು ತಿಳಿದಾಗ ನನಗೆ ಸೋಮವಾರಪೇಟೆ ಕಡೆಯ ನಮ್ಮ ತೋಟದ ಕಣ ನೆನಪಾಯಿತು. ಕಾಫಿ ಕುಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ಸಂಜೆ ಗೋಣಿಚೀಲಗಳು ತಕ್ಕಡಿಯ ಮುಂದೆ ಸಾಲುಗಟ್ಟುತ್ತಿದ್ದವು, ರೈಟರು ತೂಕ ಕೂಗುತ್ತಿದ್ದರು. ತೋಟದ ಲೆಕ್ಕ ಬರೆಯುವವರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು; ಕತೆ ಬರೆಯುವವರಿಗೂ ಅವರಿಗೂ ಸಂಬಂಧವಿಲ್ಲ. ಶಾಲೆಯಿಂದ ಬಂದ ನಾನು ತೂಕವನ್ನು ಸ್ಲೇಟಿನಲ್ಲಿ ಗೀಚಿ ಅವರ ಮುಂದೆ ಇಡುತ್ತಿದ್ದೆ, ಅವರು ಬಿಡುವಾದಾಗ ನೋಡಿ ಚೆಕ್‌ರೋಲಿಗೆ, ಅಂದರೆ ಕೂಲಿಯ ಲೆಕ್ಕದ ಪುಸ್ತಕಕ್ಕೆ, ಏರಿಸುತ್ತಿದ್ದರು. ಒಂದು ಸಂಜೆ ಅವರು ಏರಿಸುವ ಮೊದಲೇ ಸ್ಲೇಟು ಒರೆಸಿ ಮುಂದಿನವರ ತೂಕ ಬರೆದೆ. ಚೆಕ್‌ರೋಲಿನಲ್ಲಿ ಯಾವ ಮನೆಯೂ ಖಾಲಿ ಉಳಿಯಲಿಲ್ಲ. ಇಬ್ಬರ ಹೆಸರಿನ ಮುಂದೆ ಒಂದೇ ತೂಕ, 47 ಕಿಲೋ, ಬಿದ್ದಿತ್ತು ಅಷ್ಟೆ. ಶನಿವಾರ ಬಟವಾಡೆಯ ಹೊತ್ತಿಗೆ ಕೂಲಿ ಕಡಿಮೆ ಬಂದ ಹೆಂಗಸು ಜಗಳ ತೆಗೆಯದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಗಿಟ್‌ನ ಸ್ಲೇಟು ತಪ್ಪಿದಾಗಲೂ ಹೀಗೆಯೇ. ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಎರಡು ಬೇರೆ ಬೇರೆ ಕಮಿಟ್‌ಗಳಿಗೆ ಒಂದೇ ಗುರುತು ಅಚ್ಚಾಗಿರುತ್ತದೆ.

ಗಿಟ್ ಎಂದರೆ ಕಡತಗಳ ಚೆಕ್‌ರೋಲ್. ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ಬಿಡದೆ ಬರೆದಿಡುವ ಇಂಥ ತಂತ್ರಾಂಶಗಳನ್ನು ಆವೃತ್ತಿ ನಿಯಂತ್ರಣ ವ್ಯವಸ್ಥೆ ಎನ್ನುತ್ತಾರೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕೆಲಸಕ್ಕೆ ಉಚಿತವಾಗಿ ಸಿಗುತ್ತಿದ್ದ ಬಿಟ್‌ಕೀಪರ್ ಎಂಬ ಇಂಥದೇ ತಂತ್ರಾಂಶ ಕೈತಪ್ಪಿದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ತೊಡಗಿದರು. ಆಗ ಅದು ಹತ್ತಾರು ಚಿಕ್ಕ ಪ್ರೊಗ್ರಾಮುಗಳ ಗುಂಪು. ಒಂದೊಂದು ಆಜ್ಞೆಯೂ ಹುಟ್ಟಿ, ಒಂದು ಕೆಲಸ ಮಾಡಿ, ಸಾಯುತ್ತಿತ್ತು. ಸತ್ತ ಕೂಡಲೇ ಅದು ಬಳಸಿದ ನೆನಪನ್ನೆಲ್ಲ ಕಾರ್ಯಾಚರಣ ವ್ಯವಸ್ಥೆ ಗುಡಿಸಿ ಹಾಕುತ್ತಿತ್ತು. ಇಷ್ಟು ಅಲ್ಪಾಯುಷಿಗೆ ಸ್ಲೇಟು ಧಾರಾಳವಾಯಿತು. ನಾಲ್ಕು ಸ್ಲೇಟಿನ ಉಪಾಯವನ್ನು ಹಳಿಯುವವರು ಇದನ್ನು ಮರೆಯುತ್ತಾರೆ. ನಾನು ಅದನ್ನು ಹಳಿಯದಿರುವುದಕ್ಕೆ ಇನ್ನೊಂದು ಕಾರಣವಿದೆ: ಅದಕ್ಕಿಂತ ದಡ್ಡತನದ್ದೊಂದನ್ನು ನಾನೇ ಮಾಡಿದ್ದೇನೆ.

ಸುಂಟಿಕೊಪ್ಪದಲ್ಲಿ ಚಿಕ್ಕಪ್ಪನ ತೋಟವಿದೆ. ಎರಡೂ ತೋಟಗಳ ತೂಕದ ಲೆಕ್ಕವನ್ನು ಮೊಬೈಲ್‌ನಿಂದ ಕಳುಹಿಸಿದರೆ ಮನೆಯ ಹಳೆಯ ಕಂಪ್ಯೂಟರ್ ಅದನ್ನು ಗಿಟ್‌ನಲ್ಲಿ ಕಮಿಟ್ ಮಾಡಿಡುವಂತೆ ಒಂದು ಚಿಕ್ಕ ಪ್ರೊಗ್ರಾಮ್ ಬರೆದೆ. ತೋಟಕ್ಕೊಂದು ಫೋಲ್ಡರ್, ದಿನಕ್ಕೊಂದು ಕಡತ, ದಿನಾಂಕವೇ ಕಡತದ ಹೆಸರು. ಲೆಕ್ಕ ಬಂದಾಗ ಪ್ರೊಗ್ರಾಮಿನೊಳಗೆ ಒಂದು ಥ್ರೆಡ್ ಏಳುತ್ತದೆ. ಒಂದೇ ಮನೆಯಲ್ಲಿ ಏಕಕಾಲಕ್ಕೆ ಕೆಲಸ ಮಾಡುವ ಹಲವು ಆಳುಗಳಂತೆ ಈ ಥ್ರೆಡ್‌ಗಳು. ಅದು ತನ್ನ ತೋಟದ ಫೋಲ್ಡರಿಗೆ ಹೋಗುತ್ತದೆ, ಕಡತ ಬರೆಯುತ್ತದೆ, ಕಮಿಟ್ ಮಾಡುತ್ತದೆ. ಒಂದು ಕುಯ್ಲು ಪೂರ್ತಿ ಇದು ಚೆನ್ನಾಗಿ ನಡೆಯಿತು.

ಮರುವರ್ಷ ಒಂದು ಸಂಜೆ ಮೊಬೈಲ್ ನೆಟ್‌ವರ್ಕ್ ಹೋಯಿತು. ರಾತ್ರಿ ಬಂದಾಗ ಎರಡೂ ತೋಟಗಳ ಫೋನುಗಳು ತಡೆದಿಟ್ಟುಕೊಂಡಿದ್ದ ಲೆಕ್ಕವನ್ನು ಒಂದೇ ಸಲಕ್ಕೆ ಸುರಿದವು. ಬೆಳಿಗ್ಗೆ ನೋಡಿದರೆ ಸೋಮವಾರಪೇಟೆಯ ಆ ದಿನದ ಕಡತದಲ್ಲಿ ಸುಂಟಿಕೊಪ್ಪದ ತೂಕ. ನಮ್ಮ ತೋಟದ ತೂಕ ಎಲ್ಲಿಯೂ ಇಲ್ಲ.

‘ನಾನೀಗ ಯಾವ ಫೋಲ್ಡರಿನಲ್ಲಿದ್ದೇನೆ’ ಎಂಬುದು ಥ್ರೆಡ್‌ಗೆ ಸೇರಿದ ವಿಷಯ ಎಂದು ನಾನು ನಂಬಿದ್ದೆ. ಅದು ಇಡೀ ಪ್ರೊಗ್ರಾಮಿಗೆ ಇರುವುದು ಒಂದೇ. ಒಂದು ಆಳು ಫೋಲ್ಡರ್ ಬದಲಿಸಿದರೆ ಉಳಿದವರೆಲ್ಲ, ತಮಗೆ ತಿಳಿಯದಂತೆಯೇ, ಅವನ ಜೊತೆ ಸ್ಥಳಾಂತರವಾಗುತ್ತಾರೆ. ಸುಂಟಿಕೊಪ್ಪದ ಥ್ರೆಡ್ ತನ್ನ ಫೋಲ್ಡರಿಗೆ ಹೋದ ಮರುಕ್ಷಣ ಸೋಮವಾರಪೇಟೆಯ ಥ್ರೆಡ್ ಎಲ್ಲರನ್ನೂ ತನ್ನಲ್ಲಿಗೆ ಎಳೆದುಕೊಂಡು, ಕಡತ ಬರೆಯಿತು. ಸುಂಟಿಕೊಪ್ಪದ್ದು ನಿಶ್ಚಿಂತೆಯಿಂದ ಅದರ ಮೇಲೆಯೇ ತನ್ನ ಲೆಕ್ಕ ಬರೆಯಿತು. ಇಬ್ಬರೂ ತಮ್ಮ ಪಾಲಿನ ಕೆಲಸವನ್ನು ತಪ್ಪಿಲ್ಲದೆ ಮಾಡಿದ್ದರು.

ಇಂಥ ದೋಷವನ್ನು ಹಿಡಿಯುವುದು ಅಟ್ಟದ ಮೇಲಿನ ಇಲಿ ಹಿಡಿದಂತೆ. ದೀಪ ಹಚ್ಚಿದರೆ ಸದ್ದಿಲ್ಲ. ಏನಾಗುತ್ತಿದೆ ನೋಡೋಣ ಎಂದು ಹೆಜ್ಜೆಹೆಜ್ಜೆಗೂ ಪರದೆಯ ಮೇಲೆ ಸಾಲು ಮೂಡಿಸುವಂತೆ ಮಾಡಿದೆ. ದೋಷ ಮಾಯ. ಸಾಲು ಮೂಡಿಸುವುದಕ್ಕೂ ಕಾಲ ಹಿಡಿಯುತ್ತದೆ, ಆ ಕಾಲವೇ ಥ್ರೆಡ್‌ಗಳ ಹೊಂದಾಣಿಕೆಯನ್ನು ಬದಲಿಸಿಬಿಡುತ್ತದೆ. ಕೊನೆಗೆ ತಿರುಗುಮುರುಗು ಮಾಡಿದೆ: ಫೋಲ್ಡರ್ ಬದಲಿಸುವುದಕ್ಕೂ ಬರೆಯುವುದಕ್ಕೂ ನಡುವೆ ಬೇಕೆಂದೇ ಎರಡು ಸೆಕೆಂಡ್ ನಿಲ್ಲಿಸಿದೆ. ಇಲಿ ಪ್ರತಿ ಸಲವೂ ಬಂದು ಬೋನಿಗೆ ಬಿತ್ತು. ಆಟದಂತೆ ಕಾಣುವ ಈ ಸಮಯದ ವ್ಯತ್ಯಾಸ ಜೀವ ತೆಗೆದದ್ದೂ ಉಂಟು. 1985ರಿಂದ 1987ರವರೆಗೆ ಥೆರಾಕ್–25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ತಂತ್ರಾಂಶದ ಬೇರೆ ಬೇರೆ ಭಾಗಗಳು ಒಂದೇ ಮಾಹಿತಿಯನ್ನು ಹಂಚಿಕೊಂಡು ಒಂದರ ಕಾಲನ್ನು ಇನ್ನೊಂದು ತುಳಿದದ್ದು ಅದಕ್ಕೆ ಒಂದು ಕಾರಣ.

ನಾನು ಮೊದಲು ಹಾಕಿದ್ದು ಬೀಗ. ಒಂದು ಥ್ರೆಡ್ ಕೆಲಸ ಮುಗಿಸುವ ತನಕ ಇನ್ನೊಂದು ಹೊರಗೆ ಕಾಯಬೇಕು. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1965ರಲ್ಲೇ ಈ ಸಮಸ್ಯೆಯನ್ನು ಕ್ರಮಬದ್ಧವಾಗಿ ಬಿಡಿಸಿ ತೋರಿಸಿದ್ದರು. ಗಿಟ್ ಕೂಡ ಒಂದೇ ಭಂಡಾರಕ್ಕೆ, ಅಂದರೆ ಅದು ಲೆಕ್ಕ ಇಡುವ ಒಂದೇ ಫೋಲ್ಡರಿಗೆ, ಇಬ್ಬರು ಒಟ್ಟಿಗೆ ಕೈಹಾಕದಂತೆ ಬೀಗ ಬಳಸುತ್ತದೆ, ಮತ್ತು ಅದರ ಬೀಗ ನೋಡಲು ಚಂದ. ಮುಂದಿನ ಕಮಿಟ್‌ಗೆ ಏನೇನು ಸೇರಬೇಕು ಎಂಬ ಪಟ್ಟಿ ‘ಇಂಡೆಕ್ಸ್’ ಎಂಬ ಕಡತದಲ್ಲಿರುತ್ತದೆ. ಪಟ್ಟಿ ತಿದ್ದಬೇಕಾದವರು ‘ಇಂಡೆಕ್ಸ್.ಲಾಕ್’ ಎಂಬ ಕಡತವನ್ನು ಹುಟ್ಟಿಸಬೇಕು. ಆ ಹೆಸರಿನದು ಮೊದಲೇ ಇದ್ದರೆ ಕಾರ್ಯಾಚರಣ ವ್ಯವಸ್ಥೆ ಆಗದು ಎನ್ನುತ್ತದೆ. ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ಹುಟ್ಟಿಸುವುದು, ಎರಡೂ ಒಂದೇ ಏಟಿಗೆ ಆಗುವುದರಿಂದ ನಡುವೆ ನುಸುಳಲು ಸಂದಿಯಿಲ್ಲ. ಹೊಸ ಪಟ್ಟಿಯನ್ನು ಬೀಗದ ಕಡತದಲ್ಲೇ ಬರೆಯುತ್ತಾರೆ. ಮುಗಿದ ಮೇಲೆ ಅದಕ್ಕೆ ಇಂಡೆಕ್ಸ್ ಎಂದು ಹೆಸರು ಬದಲಿಸಿದರೆ ಬೀಗವೇ ಹೊಸ ಪಟ್ಟಿಯಾಯಿತು, ಬಾಗಿಲೂ ತೆರೆಯಿತು. ನಡುವೆ ಕರೆಂಟು ಹೋದರೂ ಹಳೆಯ ಪಟ್ಟಿಗೆ ಧಕ್ಕೆಯಿಲ್ಲ. ಬೀಗ ಮಾತ್ರ ಹಾಗೆಯೇ ನೇತಾಡುತ್ತಿರುತ್ತದೆ. ಮಳೆಗಾಲದ ಕೊಡಗಿನಲ್ಲಿ ನಾನು ಅಂಥ ಅನಾಥ ಬೀಗಗಳನ್ನು ಕೈಯಾರೆ ತೆಗೆದದ್ದಕ್ಕೆ ಲೆಕ್ಕವಿಲ್ಲ.

ಆದರೂ ನನ್ನ ಬೀಗ ನನಗೆ ಒಪ್ಪಿಗೆಯಾಗಲಿಲ್ಲ. ಇಲ್ಲಿ ಎರಡು ತೋಟಗಳಿಗೆ ಎರಡು ಭಂಡಾರಗಳಿದ್ದವು. ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಅವನ್ನು ಕಾಯಿಸುತ್ತಿದ್ದದ್ದು ‘ಈಗಿನ ಫೋಲ್ಡರ್’ ಎಂಬ, ನಾನು ವೃಥಾ ಹಂಚಿದ ಒಂದು ಸ್ಲೇಟು. ಬೀಗ ಕಿತ್ತುಹಾಕಿ, ಪ್ರತಿ ಥ್ರೆಡ್ ತನ್ನ ಫೋಲ್ಡರಿನ ಪೂರ್ತಿ ವಿಳಾಸವನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡುವಂತೆ ಬರೆದೆ. ‘ಇಂಥ ಫೋಲ್ಡರಿನಲ್ಲಿ ಕೆಲಸ ಮಾಡು’ ಎಂದು ಗಿಟ್‌ಗೆ ಪ್ರತಿ ಆಜ್ಞೆಯಲ್ಲೂ ಹೇಳಬಹುದು. ಬದಲಾದದ್ದು ಹನ್ನೊಂದು ಸಾಲು. ಹುಡುಕಲು ಹಿಡಿದದ್ದು ನಾಲ್ಕು ರಾತ್ರಿ.

ಗಿಟ್ ಬರೆಯುವವರ ಪಾಲಿಗೆ ಇದು ಹನ್ನೊಂದು ಸಾಲಿನ ಮಾತಲ್ಲ. ಕಡತದ ವಿಳಾಸ ಬರೆದುಕೊಡಲೂ ನಾಲ್ಕು ಸ್ಲೇಟಿನ ಏರ್ಪಾಡೇ ಇತ್ತು, 2015ರ 2.6ನೇ ಆವೃತ್ತಿಯಲ್ಲಿ ಅದರ ಬಳಕೆಯನ್ನು ತಗ್ಗಿಸಿದರು. ಸ್ಲೇಟುಗಳನ್ನು ಎಂಟು ಮಾಡಬಹುದಿತ್ತು. ಆಗ ಒಂಬತ್ತನೆಯವರು ಬರುವ ತನಕ ದೋಷ ಅಡಗಿ ಕೂತಿರುತ್ತಿತ್ತು, ಅದು ಇನ್ನೂ ಕೆಟ್ಟದ್ದು. ದೊಡ್ಡ ಸ್ಲೇಟು ಬೇರೆಯೇ ಇದೆ. ಭಂಡಾರದ ವಿವರಗಳು ಜಾಗತಿಕ ಚರಾಂಶಗಳಲ್ಲಿ, ಅಂದರೆ ಇಡೀ ಪ್ರೊಗ್ರಾಮಿಗೆ ಸೇರಿದ ಸ್ಲೇಟುಗಳಲ್ಲಿ, ಇದ್ದವು; ಅವನ್ನು ಗಿಟ್‌ನ ಮೂಲೆಮೂಲೆಯೂ ನೇರವಾಗಿ ಮುಟ್ಟುತ್ತಿತ್ತು. ಮುಂದೆ ಅವನ್ನು ಒಂದೆಡೆ ಕೂಡಿಸಿ ಇಟ್ಟ ಹೆಸರು ‘ದ ರೆಪಾಸಿಟರಿ’; ರೆಪಾಸಿಟರಿ ಎಂದರೆ ಭಂಡಾರ. ಆ ‘ದ’ ಎಂಬ ಇಂಗ್ಲಿಷ್ ಗುಬ್ಬಚ್ಚಿ ಪದಕ್ಕೆ ಕನ್ನಡದಲ್ಲಿ ಸಾಟಿಯಿಲ್ಲ, ಆದರೆ ಇಡೀ ತೊಂದರೆ ಅದರಲ್ಲೇ ಇದೆ: ಭಂಡಾರ ಇರುವುದೇ ಒಂದು ಎಂಬ ನಂಬಿಕೆ. ಒಂದು ಭಂಡಾರದೊಳಗೆ ಇನ್ನೊಂದನ್ನು ಕೂರಿಸುವ ಸಬ್‌ಮಾಡ್ಯೂಲ್‌ಗಳ ಕೆಲಸದಲ್ಲಿ ಅದು ಎಡವುಗಲ್ಲಾಯಿತು. ಒಂದೇ ಓಟದಲ್ಲಿ ಹಲವು ಭಂಡಾರಗಳನ್ನು ನಿಭಾಯಿಸಲೆಂದು 2017ರಲ್ಲಿ ಭಂಡಾರವನ್ನು ಕೈಯಿಂದ ಕೈಗೆ ದಾಟಿಸುವ ಏರ್ಪಾಡು ಬಂತು. ಅಲ್ಲಿಂದ ಒಂದೊಂದೇ ಫಂಕ್ಷನ್ ಹಿಡಿದು, ‘ಯಾವ ಭಂಡಾರ’ ಎಂದು ಅದು ಕೇಳಿ ಪಡೆಯುವಂತೆ ತಿದ್ದುತ್ತಾ ಬಂದಿದ್ದಾರೆ. ಕಾಫಿ ಗಿಡದ ಚಿಗುರು ತೆಗೆಯುವಂತೆ ಬೇಸರದ ಕೆಲಸ, ಯಾರ ಕಣ್ಣಿಗೂ ಬೀಳದು.

ನಮ್ಮ ತೋಟದ ಆ ದಿನದ ತೂಕ ಫೋನಿನಲ್ಲಿ ಉಳಿದಿತ್ತು, ಶನಿವಾರದ ಬಟವಾಡೆಗೆ ತೊಂದರೆಯಾಗಲಿಲ್ಲ. ತಪ್ಪು ಕಮಿಟ್‌ನ ಗುರುತೇ ಉಳಿಯದಂತೆ ಇತಿಹಾಸವನ್ನು ಮತ್ತೆ ಬರೆಯಲು ಗಿಟ್‌ನಲ್ಲಿ ದಾರಿಯಿದೆ. ರೈಟರಿಗೆ ಅದನ್ನು ಹೇಳಿದೆ. ಅವರು ಹಳೆಯ ಚೆಕ್‌ರೋಲ್ ತೆಗೆದು ಪುಟ ತಿರುವಿ 47 ಕಿಲೋ ಎಂದಿದ್ದ ಮನೆಯನ್ನು ತೋರಿಸಿದರು. ಅಂಕಿಯ ಮೇಲೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಸರಿಯಾದ ತೂಕ, ಕೆಳಗೆ ಅವರ ಸಹಿ. ಅದರ ಕೆಳಗೆ ಸೀಸದ ಕಡ್ಡಿಯಲ್ಲಿ ನನ್ನ ಹೆಸರು. ಹಾಗಾಗಿ ಸುಂಟಿಕೊಪ್ಪದ ತೂಕ ಸೋಮವಾರಪೇಟೆಯ ಇತಿಹಾಸದಲ್ಲಿ ಈಗಲೂ ಇದೆ, ಅದರ ಮರುಸಾಲಿನಲ್ಲಿ ಅದನ್ನು ರದ್ದು ಮಾಡಿದ ಇನ್ನೊಂದು ಕಮಿಟ್ ಇದೆ, ಎರಡರಲ್ಲೂ ನನ್ನ ಹೆಸರಿದೆ.