ನಿರ್ಮಾಪಕ

ಮಾಟುಂಗಾದಲ್ಲಿ ನಡೆಯುವ ಕಿರುಚಿತ್ರ ಪ್ರದರ್ಶನದ ಆಮಂತ್ರಣವೊಂದು ಮೊನ್ನೆ ವಾಟ್ಸಾಪ್‌ಗೆ ಬಂತು. ಅದರಲ್ಲಿ ಏಳು ಜನ ‘ನಿರ್ಮಾಪಕರು’. ಆರು ಮಂದಿ ಚಂದಾ ಕೊಟ್ಟ ಹೋಟೆಲ್ ಮಾಲೀಕರು, ಇನ್ನೊಬ್ಬರು ಶೂಟಿಂಗ್‌ಗೆ ಫ್ಲ್ಯಾಟ್ ಬಿಟ್ಟುಕೊಟ್ಟವರು. ಲೊಕೇಶನ್ ಹುಡುಕಿ, ಪರ್ಮಿಶನ್ ತಂದು, ನಟರ ಡೇಟ್ ಹೊಂದಿಸಿ, ಲೈಟ್‌ನವರ ಬಾಕಿ ತೀರಿಸಿದ ಹುಡುಗಿಯ ಹೆಸರು ಕೆಳಗೆ ‘ಸಹಕಾರ’ದ ಸಾಲಿನಲ್ಲಿದೆ. ಕೊಟ್ಟವರಿಗೆ ಕೃತಜ್ಞತೆ ಹೇಳಲೇಬೇಕು. ಆದರೆ ಆ ಪದ ಅವಳದ್ದು.

ಪದವನ್ನೇ ಬಿಡಿಸಿ ನೋಡಿ. ಸಂಸ್ಕೃತದ ‘ಮಾ’ ಧಾತುವಿಗೆ ಅಳೆ ಎಂದರ್ಥ. ಮಾನ, ಪ್ರಮಾಣ, ಮಾಪನ ಎಲ್ಲ ಅಲ್ಲಿಂದಲೇ ಬಂದವು. ಅದಕ್ಕೆ ‘ನಿರ್’ ಸೇರಿದರೆ ಅಳೆದು ಕಟ್ಟುವುದು, ನಿರ್ಮಾಣ. ಕಟ್ಟುವವನು ನಿರ್ಮಾತೃ. ಮುಂಬಯಿಯಲ್ಲಿ ದಿನಾ ಕಿವಿಗೆ ಬೀಳುವ ಹಿಂದಿ, ಮರಾಠಿಯ ‘ನಿರ್ಮಾತಾ’ ಇದೇ. ಕನ್ನಡ ಹಿಡಿದದ್ದು ಬೇರೆ ರೂಪ. ನಮ್ಮ ಪದದ ನಡುವೆ ಒಂದು ‘ಪ’ ಇದೆ, ಅದು ಪ್ರೇರಣೆಯ ಗುರುತು. ಓದುವುದು ಅಧ್ಯಯನ, ಓದಿಸುವವನು ಅಧ್ಯಾಪಕ. ನಿಲ್ಲುವುದು ಸ್ಥಿತಿ, ನಿಲ್ಲಿಸುವವನು ಸ್ಥಾಪಕ. ಹಾಗೇ ನಿರ್ಮಾಪಕ ಅಂದರೆ ನಿರ್ಮಾಣ ಮಾಡಿಸುವವನು. ಕನ್ನಡದ ‘ಇಸು’ ಮಾಡುವ ಕೆಲಸವನ್ನೇ ಆ ‘ಪ’ ಮಾಡುತ್ತದೆ. ಬರೆಸಬೇಕು, ಹಾಡಿಸಬೇಕು, ಕ್ಯಾಮೆರಾ ಹಿಡಿಸಬೇಕು, ಕೊನೆಗೆ ಎಲ್ಲವನ್ನೂ ಮುಗಿಸಬೇಕು. ಇದರಲ್ಲಿ ಹಣದ ಮಾತು ಎಲ್ಲಿದೆ?

ಕಾನೂನಿನಲ್ಲೂ ಇಲ್ಲ. 1957ರ ಕಾಪಿರೈಟ್ ಕಾಯ್ದೆಗೆ 1994ರಲ್ಲಿ ನಿರ್ಮಾಪಕ ಅಂದರೆ ಯಾರು ಎಂದು ಸೇರಿಸಿದರು. ಸಿನಿಮಾ ಅಥವಾ ಧ್ವನಿಮುದ್ರಣ ಮಾಡಲು ಮುಂದಾಗಿ ಅದರ ಹೊಣೆ ಹೊತ್ತವರು, ಅಷ್ಟೇ.

ದಾದಾಸಾಹೇಬ್ ಫಾಲ್ಕೆ ಅವರನ್ನೇ ತಗೊಳ್ಳಿ. ಫೋಟೋಗ್ರಫಿ ಮಾಡಿದರು, ಪ್ರಿಂಟಿಂಗ್ ಪ್ರೆಸ್ ನಡೆಸಿದರು, ಪಾಲುದಾರರ ಜೊತೆ ಮನಸ್ತಾಪವಾಗಿ ಅದನ್ನೂ ಬಿಟ್ಟರು. ವಿಮೆ ಪಾಲಿಸಿ ಅಡವಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮೆರಾ ತಂದರು. ಸಿನಿಮಾ ತೆಗೆಯಲು ಮತ್ತೆ ಹಣ ಬೇಕು, ನಂಬುವವರಿಲ್ಲ. ಆಗ ಕುಂಡದಲ್ಲಿ ಬಟಾಣಿ ಬೀಜ ಹಾಕಿ, ಅದು ಮೊಳೆತು ಗಿಡವಾಗುವುದನ್ನು ದಿನಾ ಒಂದಿಷ್ಟು ಚಿತ್ರೀಕರಿಸಿ, ಸಾಲ ಕೊಡಬಹುದಾದವರಿಗೆ ತೋರಿಸಿದರು. ಸಾಲ ಸಿಕ್ಕಿತು. ಹೆಂಡತಿ ಸರಸ್ವತಿಬಾಯಿ ಒಡವೆ ಕೊಟ್ಟರು, ಇಡೀ ತಂಡಕ್ಕೆ ಅಡುಗೆ ಮಾಡಿ ಹಾಕಿದರು, ಕತ್ತಲಲ್ಲಿ ಕೂತು ಫಿಲ್ಮಿನ ಅಂಚಿಗೆ ತೂತು ಹಾಕಿದರು. 1913ರ ಮೇ 3ರಂದು ಗಿರಗಾಂವ್‌ನ ಕೊರೊನೇಷನ್ ಥಿಯೇಟರಿನಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಗೆ ಬಂತು. ಆ ಸಾಲ ಕೊಟ್ಟವರನ್ನು ಯಾರೂ ನಿರ್ಮಾಪಕ ಅನ್ನುವುದಿಲ್ಲ, ಅಲ್ವಾ? ನನ್ನನ್ನು ಕೇಳಿದರೆ, ಸರಸ್ವತಿಬಾಯಿಗೆ ಆ ಹೆಸರು ಧಾರಾಳವಾಗಿ ಸಲ್ಲಬೇಕಿತ್ತು.

ದುಡ್ಡು ಕೊಟ್ಟವನೇ ನಿರ್ಮಾಪಕ ಎಂಬ ಗೊಂದಲಕ್ಕೆ ಕಾರಣವೂ ಇದೆ. 1998ರಲ್ಲಿ ಸರ್ಕಾರ ಸಿನಿಮಾಕ್ಕೆ ಉದ್ಯಮದ ಸ್ಥಾನ ಘೋಷಿಸುವವರೆಗೆ ಬ್ಯಾಂಕುಗಳು ಇತ್ತ ತಿರುಗಿ ನೋಡುತ್ತಿರಲಿಲ್ಲ. ಬಿಲ್ಡರ್‌ಗಳು, ವಜ್ರದ ವ್ಯಾಪಾರಿಗಳು ದುಬಾರಿ ಬಡ್ಡಿಗೆ ಕೊಟ್ಟರು. ದುಡ್ಡಿದ್ದವನೇ ದೊಡ್ಡವನಾದ. ಆದರೆ ಸಾಲ ಕೊಟ್ಟು, ಸಿನಿಮಾ ಓಡಲಿ ಬಿಡಲಿ ಬಡ್ಡಿ ಎಣಿಸುವವನು ಫೈನಾನ್ಸಿಯರ್. ಕೊಟ್ಟು ಸುಮ್ನೆ ಮನೆಗೆ ಹೋಗುವವನು ದಾನಿ.

ಈ ತಪ್ಪು ಬಳಕೆ ನನಗೆ ನೋವು ಕೊಡುವುದು ನಮ್ಮ ಮಕ್ಕಳ ವಿಷಯದಲ್ಲಿ. ಮಾಧ್ಯಮದ ಡಿಗ್ರಿ ಮಾಡಿದ ಡೊಂಬಿವಲಿಯ ಹುಡುಗರು ‘ನಿರ್ಮಾಪಕ ಆಗೋಕೆ ಅಪ್ಪನ ಹತ್ರ ದುಡ್ಡಿಲ್ಲ’ ಅಂತ ಮೊದಲೇ ಕೈ ಚೆಲ್ಲುತ್ತಾರೆ. ಹೆಸರಾಂತ ನಿರ್ದೇಶಕ, ನಿರ್ಮಾಪಕ ವಿ. ಶಾಂತಾರಾಮ್ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ, ಅಲ್ಲಿನ ಸಿನಿಮಾ ಥಿಯೇಟರಿನಲ್ಲಿ ದುಡಿದವರು. ಆಮೇಲೆ ಕೊಲ್ಹಾಪುರದ ಕಂಪನಿಯೊಂದರಲ್ಲಿ ಕೆಲಸ ಕಲಿತು, 1929ರಲ್ಲಿ ನಾಲ್ವರ ಜೊತೆ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿದರು, 1942ರಲ್ಲಿ ಪರೇಲ್‌ನಲ್ಲಿ ತಮ್ಮದೇ ರಾಜಕಮಲ್ ಸ್ಟುಡಿಯೋ. ಹಿಂದಿ ಸಿನಿಮಾ ನಿರ್ಮಾಪಕ ರೋನಿ ಸ್ಕ್ರೂವಾಲಾ ಶುರು ಮಾಡಿದ್ದು ಮುಂಬಯಿಯ ಕಟ್ಟಡಗಳಿಗೆ ಕೇಬಲ್ ಟಿವಿ ಎಳೆಯುವುದರಿಂದ. ಅವರ ಟಿವಿ, ಸಿನಿಮಾ ಕಂಪನಿ ಯುಟಿವಿ ಬಂದದ್ದು 1990ರಲ್ಲಿ. ಇವತ್ತೂ ಪ್ರೊಡಕ್ಷನ್ ಅಸಿಸ್ಟೆಂಟ್ ಆಗಿ ಸೇರಿ, ಮ್ಯಾನೇಜರ್ ಆಗಿ, ಲೈನ್ ಪ್ರೊಡ್ಯೂಸರ್ ಆಗಿ ಬಜೆಟ್ಟು, ಶೆಡ್ಯೂಲು ಸಂಭಾಳಿಸಿ, ಆಮೇಲೆ ಸ್ವಂತ ಬ್ಯಾನರ್ ಕಟ್ಟುವವರು ಜಾಸ್ತಿಯೇ ಇದ್ದಾರೆ.

ಸಂಗೀತದಲ್ಲಿ ಇನ್ನೂ ಎಚ್ಚರ ಬೇಕು. ಬೀಟ್ ಕೂಡಿಸಿ, ವಾದ್ಯ ಜೋಡಿಸಿ, ಹಾಡಿಗೆ ರೂಪ ಕೊಡುವವರನ್ನು ಮ್ಯೂಸಿಕ್ ಪ್ರೊಡ್ಯೂಸರ್ ಅನ್ನುತ್ತಾರೆ. ಪತ್ರಿಕೆಗಳು ಅದನ್ನು ‘ಸಂಗೀತ ನಿರ್ಮಾಪಕ’ ಎಂದು ಬರೆದುಬಿಡುತ್ತವೆ. ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ನಿರ್ಮಾಪಕ ಅಂದರೆ ಹೊಣೆ ಹೊತ್ತು ಮಾಡಿಸಿದವರು, ಸಾಮಾನ್ಯವಾಗಿ ಆಡಿಯೋ ಕಂಪನಿ. ಆ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಮನೆಯ ಸ್ಟುಡಿಯೋದಲ್ಲಿ ಹಾಡು ಮಾಡಿ ಕೊಡುವ ಹುಡುಗರು ಸಹಿ ಹಾಕುವ ಮೊದಲು, ಅಗ್ರಿಮೆಂಟಿನಲ್ಲಿ ನಿರ್ಮಾಪಕ ಎಂಬಲ್ಲಿ ಯಾರ ಹೆಸರಿದೆ ಎಂದು ಓದಿಕೊಳ್ಳಿ.