ಗರಾಜ್ ಬಾಗಿಲಿನ ಸ್ಪ್ರಿಂಗ್ ತುಂಡಾಗಿದೆ, ನಾನೇ ಬದಲಾಯಿಸಬಹುದಾ?

ಪ್ರಶ್ನೆ: ನಾವಿರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಎರಡು ಕಾರು ನಿಲ್ಲುವ ಗರಾಜ್, ಅದಕ್ಕೆ ಒಂದೇ ಅಗಲವಾದ ಬಾಗಿಲು. ಮೊನ್ನೆ ಚಳಿ ಜೋರಾಗಿದ್ದ ರಾತ್ರಿ ಪಟಾಕಿ ಹೊಡೆದ ಹಾಗೆ ಸದ್ದಾಯಿತು. ಬೆಳಿಗ್ಗೆ ಬಟನ್ ಒತ್ತಿದರೆ ಬಾಗಿಲು ಅರ್ಧ ಅಡಿ ಎದ್ದು ನಿಂತುಬಿಡುತ್ತದೆ. ಬಾಗಿಲ ಮೇಲಿರುವ ಎರಡು ಸ್ಪ್ರಿಂಗ್‌ಗಳಲ್ಲಿ ಒಂದು ನಡುವೆ ತುಂಡಾಗಿ ಎರಡಿಂಚು ಸಂದು ಕಾಣುತ್ತಿದೆ. ರಿಪೇರಿಯವರು 400 ಡಾಲರ್ ಹೇಳುತ್ತಿದ್ದಾರೆ. ಆನ್‌ಲೈನಿನಲ್ಲಿ ಒಂದು ಜೊತೆ ಸ್ಪ್ರಿಂಗ್ 100 ಡಾಲರ್ ಆಸುಪಾಸಿಗೆ ಸಿಗುತ್ತದೆ. ನಾನೇ ಹಾಕಿಕೊಳ್ಳಬಹುದಾ?

ಉತ್ತರ: ಹಾಕಿಕೊಳ್ಳಬಹುದು. ಆದರೆ ಸ್ಪ್ರಿಂಗ್ ತಿರುಗಿಸಲೆಂದೇ ಮಾಡಿದ ಎರಡು ಉಕ್ಕಿನ ಕಂಬಿ ಕೈಯಲ್ಲಿರಬೇಕು, ಅಳತೆ ಕರಾರುವಾಕ್ಕಾಗಿರಬೇಕು, ಅವಸರವಿಲ್ಲದ ಅರ್ಧ ದಿನ ಬೇಕು. ಇವುಗಳಲ್ಲಿ ಯಾವುದು ಕಡಿಮೆಯಿದ್ದರೂ ಆ 400 ಡಾಲರ್ ಕೊಟ್ಟುಬಿಡುವುದೇ ಸರಿ. ಮುಖ್ಯವಾಗಿ ಒಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ತುಂಡಾದ ಸ್ಪ್ರಿಂಗ್‌ನಲ್ಲಿ ಈಗ ಬಲವೇ ಉಳಿದಿಲ್ಲ. ಅಪಾಯವಿರುವುದು ಅದರ ಪಕ್ಕದಲ್ಲಿ ಏನೂ ಆಗದಂತೆ ಕುಳಿತಿರುವ ಎರಡನೆಯದರಲ್ಲಿ. ಅದು ಇನ್ನೂ ಏಳೂವರೆ ಸುತ್ತು ಬಿಗಿಯಾಗಿದೆ.

ಮೊದಲು ಓಪನರ್‌ನ ಪ್ಲಗ್ ಕಿತ್ತುಹಾಕಿ. ಬಾಗಿಲನ್ನು ಎತ್ತುವುದು ಮೋಟರ್ ಎಂದು ಬಹಳ ಜನ ತಿಳಿದಿರುತ್ತಾರೆ. ನಿಜವಾಗಿ ಭಾರ ಹೊರುವುದು ಸ್ಪ್ರಿಂಗ್, ಮೋಟರ್ ದಾರಿ ತೋರಿಸುವುದಷ್ಟೆ. ಸ್ಪ್ರಿಂಗ್ ಇಲ್ಲದೆ ಮತ್ತೆ ಮತ್ತೆ ಬಟನ್ ಒತ್ತಿದರೆ ಓಪನರ್ ಒಳಗಿನ ಗೇರ್ ಸವೆದು ಹೋಗುತ್ತದೆ, ಇಲ್ಲವೇ ಬಾಗಿಲಿನ ಮೇಲಿನ ಹಲಗೆ ಬಾಗುತ್ತದೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಮನೆಯಲ್ಲಿ ಮಕ್ಕಳಿದ್ದರೆ, ಗೋಡೆಯ ಬಟನ್ ಮೇಲೆ ಒಂದು ಚೀಟಿ ಅಂಟಿಸಿ. ಬಾಗಿಲು ಮೇಲಿರುವಾಗ ಸ್ಪ್ರಿಂಗ್ ಮುರಿದಿದ್ದರೆ ಓಪನರ್‌ನಿಂದ ಜೋತುಬಿದ್ದ ಕೆಂಪು ಹಗ್ಗವನ್ನು ಯಾರೂ ಎಳೆಯಕೂಡದು. ಎಳೆದರೆ ಇಡೀ ಬಾಗಿಲು ದಡಾರನೆ ಕೆಳಗೆ ಬೀಳುತ್ತದೆ. ನಿಮ್ಮದು ಕೆಳಗೇ ಇದೆ, ಅದು ಒಳ್ಳೆಯದಾಯಿತು. ಕಾರು ಒಳಗೆ ಸಿಕ್ಕಿಕೊಂಡಿದ್ದರೆ ಹಗ್ಗ ಎಳೆದು ಬಿಡಿಸಿ, ಗಟ್ಟಿಮುಟ್ಟಾದ ಇಬ್ಬರು ಮೂವರು ಸೇರಿ ಎತ್ತಿ, ಬಾಗಿಲು ಜಾರದಂತೆ ಎರಡೂ ಕಡೆಯ ಟ್ರ್ಯಾಕಿಗೆ ಕೆಳಗಿನ ರೋಲರ್‌ನ ಅಡಿ ಕ್ಲ್ಯಾಂಪ್ ಬಿಗಿದು ಕಾರು ತೆಗೆಯಿರಿ. ಆಮೇಲೆ ಹಾಗೆಯೇ ಹಿಡಿದು ನಿಧಾನವಾಗಿ ಇಳಿಸಿ.

ಬಾಡಿಗೆ ಮನೆಯಾದರೆ ಇಲ್ಲಿಗೇ ನಿಲ್ಲಿಸಿ ಮನೆ ಮಾಲೀಕರಿಗೆ ತಿಳಿಸಿ. ಅದು ಅವರ ಖರ್ಚು, ಅವರ ಹೊಣೆ.

ಅಳತೆಯಲ್ಲೇ ಅರ್ಧ ಕೆಲಸ

ನಿಮ್ಮದು ಟಾರ್ಶನ್ ಸ್ಪ್ರಿಂಗ್. ಬಾಗಿಲ ಮೇಲಿನ ಒಂದಿಂಚಿನ ಕೊಳವೆಗೆ ಸುತ್ತಿಕೊಂಡು ಕೂತಿರುತ್ತದೆ. ಕೊಳವೆಯ ಎರಡೂ ತುದಿಯ ಡ್ರಮ್‌ಗಳಿಗೆ ಕೇಬಲ್ ಸುತ್ತಿರುತ್ತದೆ, ಕೇಬಲ್‌ನ ಇನ್ನೊಂದು ತುದಿ ಬಾಗಿಲಿನ ಕೆಳ ಮೂಲೆಗೆ ಕಟ್ಟಿರುತ್ತದೆ. ಊರಿನ ಅಂಗಡಿಗಳ ಶಟರ್‌ನಲ್ಲೂ ತತ್ವ ಇದೇ. ಅಲ್ಲಿ ಸ್ಪ್ರಿಂಗ್ ಸುರುಳಿಯೊಳಗೆ ಅಡಗಿರುತ್ತದೆ, ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸ್ಪ್ರಿಂಗ್ ತರಿಸಲು ನಾಲ್ಕು ಸಂಗತಿ ಬೇಕು: ತಂತಿಯ ದಪ್ಪ, ಒಳವ್ಯಾಸ, ಉದ್ದ, ಎಡ ಸುತ್ತೋ ಬಲ ಸುತ್ತೋ ಎಂಬುದು. ತಂತಿಯ ದಪ್ಪವನ್ನು ಒಂದೇ ಸುತ್ತಿನ ಮೇಲೆ ಟೇಪ್ ಇಟ್ಟು ಅಳೆಯಲಾಗುವುದಿಲ್ಲ. ತುಂಡಾದ ಸ್ಪ್ರಿಂಗ್‌ನಲ್ಲಿ, ಸಂದಿಲ್ಲದೆ ಒತ್ತಾಗಿ ಕೂತಿರುವ 20 ಸುತ್ತುಗಳನ್ನು ಎಣಿಸಿ ಒಟ್ಟು ಉದ್ದ ಅಳೆಯಿರಿ, 20ರಿಂದ ಭಾಗಿಸಿ. ಸರಿಯಾಗಿ 5 ಇಂಚು ಬಂದರೆ ತಂತಿ 0.250 ಇಂಚು. 4 7/8 ಇಂಚಿನ ಹತ್ತಿರ ಬಂದರೆ 0.243, ನಾಲ್ಕೂವರೆ ಬಂದರೆ 0.225. ಹತ್ತು ಸುತ್ತನ್ನೂ ಬೇರೆಯಾಗಿ ಅಳೆದು ತಾಳೆ ನೋಡಿ. ಬಿಗಿಯಾಗಿರುವ ಸ್ಪ್ರಿಂಗ್‌ನ ಮೇಲೆ ಈ ಲೆಕ್ಕ ಮಾಡಬೇಡಿ, ಸುತ್ತುಗಳ ನಡುವೆ ಸಂದು ಬಿಟ್ಟು ಅಳತೆ ತಪ್ಪುತ್ತದೆ.

ಇಷ್ಟು ಸೂಕ್ಷ್ಮ ಯಾಕೆಂದರೆ, ಸ್ಪ್ರಿಂಗ್‌ನ ಬಲ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 0.243ರ ಜಾಗಕ್ಕೆ 0.250 ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗದು, ಬಲ ಮಾತ್ರ ನೂರಕ್ಕೆ 12ರಷ್ಟು ಹೆಚ್ಚು. 150 ಪೌಂಡಿನ ಬಾಗಿಲಿಗೆ ಅದು 18 ಪೌಂಡ್. ಅಂಥ ಬಾಗಿಲು ತಾನಾಗಿಯೇ ಮೇಲಕ್ಕೆ ತೇಲುತ್ತದೆ, ನೆಲಕ್ಕೆ ಕೂರುವುದಿಲ್ಲ.

ಒಳವ್ಯಾಸ ಮನೆಗಳ ಬಾಗಿಲಲ್ಲಿ ಸಾಮಾನ್ಯವಾಗಿ 1.75 ಅಥವಾ 2 ಇಂಚು, ತುದಿಯ ಕೋನ್ (ಸ್ಪ್ರಿಂಗ್‌ನ ತುದಿಗೆ ಕೂರಿಸಿರುವ ಲೋಹದ ತುಂಡು) ಮೇಲೆ 175 ಅಥವಾ 200 ಎಂದು ಅಚ್ಚೊತ್ತಿರುವುದುಂಟು. ಉದ್ದ ಅಳೆಯುವಾಗ ಮುರಿದ ಎರಡು ತುಂಡುಗಳ ಸುರುಳಿ ಭಾಗವನ್ನು ಮಾತ್ರ ಕೂಡಿಸಿ, ಕೋನ್ ಸೇರಿಸಬೇಡಿ. ಗರಾಜಿನ ಒಳಗೆ ಬಾಗಿಲಿಗೆ ಮುಖ ಮಾಡಿ ನಿಂತರೆ, ನಡುವಿನ ಬ್ರಾಕೆಟ್‌ನ ಎಡಕ್ಕಿರುವುದು ಬಲ ಸುತ್ತಿನ ಸ್ಪ್ರಿಂಗ್, ಬಲಕ್ಕಿರುವುದು ಎಡ ಸುತ್ತಿನದು. ತಲೆಕೆಳಗಾದಂತೆ ಕಂಡರೂ ಹಾಗೆಯೇ. ಕೆಲವು ಬಾಗಿಲುಗಳಲ್ಲಿ ಎರಡು ಸ್ಪ್ರಿಂಗ್‌ಗಳ ಉದ್ದ ಬೇರೆ ಬೇರೆ ಇರುತ್ತದೆ, ಆದ್ದರಿಂದ ಮುರಿಯದಿರುವುದನ್ನು ಬಿಚ್ಚಿ ಸಡಿಲಿಸಿದ ಮೇಲೆ ಅದನ್ನೂ ಅಳೆದೇ ಆರ್ಡರ್ ಮಾಡಿ.

ಒಂದೇ ಮುರಿದಿದ್ದರೂ ಎರಡನ್ನೂ ಬದಲಾಯಿಸಿ. ಎರಡಕ್ಕೂ ವಯಸ್ಸು ಒಂದೇ. ಸಾಮಾನ್ಯ ಸ್ಪ್ರಿಂಗ್‌ಗಳನ್ನು 10,000 ಸಲ ತೆರೆದು ಮುಚ್ಚುವುದಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ದಿನಕ್ಕೆ ನಾಲ್ಕು ಸಲವಾದರೆ ಸುಮಾರು ಏಳು ವರ್ಷ. ಮುಂಬಾಗಿಲು ಬಿಟ್ಟು ಗರಾಜಿನಿಂದಲೇ ಓಡಾಡುವ ಮನೆಯಲ್ಲಿ ದಿನಕ್ಕೆ ಎಂಟು ಸಲವಾದರೆ ಮೂರೂವರೆ ವರ್ಷಕ್ಕೇ ಮುಗಿಯುತ್ತದೆ. ಸ್ವಲ್ಪ ಹೆಚ್ಚು ಹಣಕ್ಕೆ 20,000 ಅಥವಾ ಅದಕ್ಕೂ ಹೆಚ್ಚಿನ ಬಾಳಿಕೆಯ, ದಪ್ಪ ತಂತಿಯ ಉದ್ದನೆಯ ಸ್ಪ್ರಿಂಗ್ ಸಿಗುತ್ತದೆ. ಕೊಳವೆಯ ಮೇಲೆ ಜಾಗವಿದ್ದರೆ ಅದನ್ನೇ ತರಿಸಿ. ಬಾಗಿಲಿನ ತೂಕ, ಎತ್ತರ, ಡ್ರಮ್ ಮೇಲಿನ ನಂಬರ್ ಕೊಟ್ಟರೆ ಒಳ್ಳೆಯ ಮಾರಾಟಗಾರರು ಲೆಕ್ಕ ಹಾಕಿ ಕೊಡುತ್ತಾರೆ. ಜೊತೆಗೆ ನಡುವಿನ ಬೇರಿಂಗ್ ಒಂದನ್ನೂ ತರಿಸಿ. ಬೆಲೆ ಕೆಲವೇ ಡಾಲರ್, ಅದನ್ನು ಬದಲಾಯಿಸಲು ಹೇಗೂ ಇಷ್ಟನ್ನೆಲ್ಲ ಬಿಚ್ಚಲೇಬೇಕು.

ಬಿಗಿಯಾದ ಸ್ಪ್ರಿಂಗ್ ಬಿಚ್ಚುವುದು

ಮನೆಬಾಗಿಲಿನ ಕೋನ್‌ಗಳಿಗೆ ಸಾಮಾನ್ಯವಾಗಿ ಅರ್ಧ ಇಂಚು ದಪ್ಪ, 18 ಇಂಚು ಉದ್ದದ ಎರಡು ವೈಂಡಿಂಗ್ ಬಾರ್ (ಮೊದಲು ಹೇಳಿದ ಉಕ್ಕಿನ ಕಂಬಿ) ಬೇಕು. ನಿಮ್ಮ ಕೋನ್‌ನ ತೂತನ್ನು ಅಳೆದು ನೋಡಿ, ಬಾರ್ ಅದರಲ್ಲಿ ಅಲುಗಾಡದೆ ಕೂರಬೇಕು. ಸ್ಕ್ರೂಡ್ರೈವರ್, ಕಬ್ಬಿಣದ ಸರಳು ಖಂಡಿತ ಬೇಡ. ಅವು ತೂತಿನಲ್ಲಿ ಸಡಿಲವಾಗಿ ಕೂತು ಜಾರುತ್ತವೆ. ಇನ್ನುಳಿದಂತೆ ಎರಡು ಲಾಕಿಂಗ್ ಪ್ಲೈಯರ್ (ಕಚ್ಚಿಸಿದರೆ ಬಿಡದೆ ನಿಲ್ಲುವ ಇಕ್ಕಳ), ಕೋನ್ ಅನ್ನು ಕೊಳವೆಗೆ ಬಿಗಿದಿಡುವ ಸೆಟ್ ಸ್ಕ್ರೂಗಳಿಗೆ 3/8 ಇಂಚಿನ ಸ್ಪ್ಯಾನರ್, ಬ್ರಾಕೆಟ್‌ನ ಬೋಲ್ಟುಗಳಿಗೆ ಸಾಮಾನ್ಯವಾಗಿ 9/16, ಅಲುಗದ ಏಣಿ, ಕಣ್ಣಿಗೆ ಕನ್ನಡಕ.

ಬಾಗಿಲು ಪೂರ್ತಿ ಕೆಳಗಿರಲಿ. ಒಂದು ರೋಲರ್‌ನ ಸ್ವಲ್ಪ ಮೇಲೆ ಟ್ರ್ಯಾಕಿಗೆ ಪ್ಲೈಯರ್ ಕಚ್ಚಿಸಿ, ಬಾಗಿಲು ಏಳಬಾರದು. ಏಣಿಯನ್ನು ಕೋನ್‌ನ ನೇರಕ್ಕೆ ಇಡದೆ ಪಕ್ಕಕ್ಕೆ ಇಡಿ. ಬಾರ್ ಓಡಾಡುವ ದಾರಿಯಲ್ಲಿ ಮುಖವಾಗಲಿ ಎದೆಯಾಗಲಿ ಇರಕೂಡದು.

ಮುರಿಯದ ಸ್ಪ್ರಿಂಗ್‌ನ ಹೊರತುದಿಯ, ತೂತಿರುವ ಕೋನ್‌ಗೆ ಒಂದು ಬಾರ್ ತಳಮುಟ್ಟುವವರೆಗೆ ತೂರಿಸಿ ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯಿಂದ ಎರಡು ಸೆಟ್ ಸ್ಕ್ರೂ ಸಡಿಲಿಸಿ. ಎರಡನೆಯದು ಬಿಡುತ್ತಿದ್ದಂತೆ ಬಾರ್ ಒಮ್ಮೆಗೇ ಕೆಳಕ್ಕೆ ಎಳೆಯುತ್ತದೆ, ಅದಕ್ಕೆ ಸಿದ್ಧರಾಗಿರಿ. ಕಾಲು ಸುತ್ತು ಇಳಿಸಿ, ಎರಡನೇ ಬಾರ್ ಮುಂದಿನ ತೂತಿಗೆ ಪೂರ್ತಿ ತೂರಿಸಿ, ಭಾರ ಅದರ ಮೇಲೆ ಬಂತೆಂದು ಖಚಿತವಾದ ಮೇಲೆ ಮೊದಲನೆಯದನ್ನು ತೆಗೆಯಿರಿ. ಹೀಗೆ ಒಂದಾದ ಮೇಲೊಂದು, ಕಾಲು ಕಾಲು ಸುತ್ತಿನಂತೆ. 7 ಅಡಿ ಬಾಗಿಲಿಗೆ ಸುಮಾರು 30 ಕಾಲು ಸುತ್ತು. ಎಣಿಸಿ ಬರೆದಿಡಿ.

ಇದಕ್ಕೆ ಬೇಕಾದ ಬಲ ಜನ ಹೆದರುವಷ್ಟಿಲ್ಲ. ಸಾಮಾನ್ಯ ಡ್ರಮ್‌ನ ಅರೆವ್ಯಾಸ 2 ಇಂಚು. 150 ಪೌಂಡಿನ ಬಾಗಿಲಿಗೆ ಒಟ್ಟು ತಿರುಚುಬಲ 300 ಇಂಚು-ಪೌಂಡ್, ಎರಡು ಸ್ಪ್ರಿಂಗ್‌ಗೆ ಹಂಚಿದರೆ ತಲಾ 150. 18 ಇಂಚಿನ ಬಾರಿನ ತುದಿಯಲ್ಲಿ ಹಿಡಿದರೆ ಕೈಗೆ ಬರುವುದು ಎಂಟೊಂಬತ್ತು ಪೌಂಡ್ ಮಾತ್ರ. ತೊಂದರೆ ಬರುವುದು ಈ ಹಗುರತನದಿಂದಲೇ. ಇಪ್ಪತ್ತನೇ ಕಾಲು ಸುತ್ತಿಗೆ ಕೈ ಪಳಗಿ, ಬಾರನ್ನು ಅರ್ಧ ತೂರಿಸಿ ಮೊದಲನೆಯದನ್ನು ತೆಗೆದುಬಿಡುತ್ತಾರೆ. ಆಗ ಬಾರ್ ಕೋನ್‌ನೊಂದಿಗೆ ಗಿರ್ರನೆ ತಿರುಗಿ ಬೆರಳು, ಮಣಿಕಟ್ಟು, ದವಡೆ ಯಾವುದನ್ನೂ ನೋಡುವುದಿಲ್ಲ. ಮೊದಲನೇ ಕಾಲು ಸುತ್ತಿಗೆ ಎಷ್ಟು ಎಚ್ಚರವೋ ಮೂವತ್ತನೆಯದಕ್ಕೂ ಅಷ್ಟೇ ಬೇಕು. ಹಾಗೆಯೇ, ಸ್ಪ್ರಿಂಗ್ ಬಿಗಿಯಾಗಿರುವವರೆಗೆ ಕೇಬಲ್ ಕಟ್ಟಿರುವ ಕೆಳಮೂಲೆಯ ಬ್ರಾಕೆಟ್‌ನ ಬೋಲ್ಟ್ ಮುಟ್ಟಬೇಡಿ, ಅದರಲ್ಲೂ ಅದೇ ಎಳೆತವಿರುತ್ತದೆ.

ಹೊಸದನ್ನು ಕೂರಿಸುವುದು

ನಡುವಿನ ಬ್ರಾಕೆಟ್‌ನ ಎರಡು ಬೋಲ್ಟ್ ಬಿಚ್ಚಿ ಸ್ಪ್ರಿಂಗ್‌ಗಳನ್ನು ಪಕ್ಕಕ್ಕೆ ಸರಿಸಿ. ಡ್ರಮ್‌ಗಳ ಸೆಟ್ ಸ್ಕ್ರೂ ಸಡಿಲಿಸಿ ಕೇಬಲ್ ತೆಗೆದು, ಕೊಳವೆಯನ್ನು ಒಂದು ಬದಿಗೆ ಜಾರಿಸಿ ಹಳೆಯದನ್ನು ಕಳಚಿ. ಈಗ ಸಮಯವಿದೆ, ಕೇಬಲ್‌ನ ಎಳೆಗಳು ಬಿಟ್ಟಿವೆಯೇ, ತುದಿಯ ಬೇರಿಂಗ್ ಕರಕರ ಎನ್ನುತ್ತದೆಯೇ ನೋಡಿಬಿಡಿ. ಬಾಗಿಲ ಕೆಳಗೆ ತೂಕದ ಯಂತ್ರವಿಟ್ಟು ನಿಜವಾದ ತೂಕ ತಿಳಿಯಬಹುದಾದ ಹೊತ್ತೂ ಇದೇ. ಆಮೇಲೆ ಬಣ್ಣ ಬಳಿದಿದ್ದೀರಿ, ಒಳಗೆ ಥರ್ಮೊಕೋಲ್ ಹಲಗೆ ಅಂಟಿಸಿದ್ದೀರಿ ಎಂದಾದರೆ ಹಳೆಯ ಸ್ಪ್ರಿಂಗ್‌ನ ಅಳತೆ ಈಗ ಸಾಲದೇ ಹೋಗಬಹುದು.

ಹೊಸ ಸ್ಪ್ರಿಂಗ್‌ಗಳು, ನಡುವೆ ಬೇರಿಂಗ್, ಎರಡು ತುದಿಗೆ ಡ್ರಮ್. ಡ್ರಮ್ ತುದಿಯ ಬೇರಿಂಗಿಗೆ ತಾಗಿ ಕೂರಬೇಕು. ಒಂದು ಕಡೆಯ ಕೇಬಲ್ ಸುತ್ತಿ ಬಿಗಿಗೊಳಿಸಿ ಸೆಟ್ ಸ್ಕ್ರೂ ಬಿಗಿಯಿರಿ. ಕೊಳವೆಗೆ ಲಾಕಿಂಗ್ ಪ್ಲೈಯರ್ ಕಚ್ಚಿಸಿ, ಅದರ ಹಿಡಿ ಗೋಡೆಗೆ ಒತ್ತಿ ನಿಲ್ಲುವಂತೆ ಮಾಡಿ ಇನ್ನೊಂದು ಕಡೆಯ ಕೇಬಲನ್ನೂ ಅಷ್ಟೇ ಬಿಗಿಗೆ ತನ್ನಿ. ಎರಡು ಕೇಬಲ್‌ಗಳನ್ನು ಬೆರಳಲ್ಲಿ ಮೀಟಿದರೆ ಒಂದೇ ಬಿಗಿ ಎನಿಸಬೇಕು. ಒಂದು ಸಡಿಲವಿದ್ದರೆ ಬಾಗಿಲು ಓರೆಯಾಗಿ ಏಳುತ್ತದೆ, ಕೇಬಲ್ ಡ್ರಮ್ ಬಿಟ್ಟು ಹೊರಬೀಳುತ್ತದೆ. ಸೆಟ್ ಸ್ಕ್ರೂ ಕೊಳವೆಗೆ ತಾಗಿದ ಮೇಲೆ ಮುಕ್ಕಾಲು ಸುತ್ತು ಸಾಕು. ಇನ್ನೂ ಬಿಗಿದರೆ ಕೊಳವೆ ಚಪ್ಪಟೆಯಾಗುತ್ತದೆ.

ತಿರುಗಿಸುವ ಮುನ್ನ ಪ್ರತಿ ಸ್ಪ್ರಿಂಗ್ ಉದ್ದಕ್ಕೂ ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆಯಿರಿ (ಕೆಲವು ಬಣ್ಣದ ಗೆರೆಯೊಂದಿಗೇ ಬರುತ್ತವೆ). ಸುತ್ತಿದಂತೆ ಗೆರೆ ಬಳ್ಳಿಯಾಗಿ ಹಬ್ಬುತ್ತದೆ, ಎಷ್ಟು ಸುತ್ತಾಯಿತೆಂದು ಎಣಿಸಲು ಅದೇ ಸಾಕ್ಷಿ. ಬಾರನ್ನು ಚಾವಣಿಯ ಕಡೆಗೆ, ಮೇಲಕ್ಕೆ ಎತ್ತುತ್ತ ಸುತ್ತಬೇಕು. ಮಾಮೂಲಿ ಡ್ರಮ್ ಇರುವ 7 ಅಡಿ ಬಾಗಿಲಿಗೆ ಏಳೂವರೆ ಸುತ್ತು, 8 ಅಡಿಗೆ ಎಂಟೂವರೆ. ಸರಿಯಾಗಿ ಸುತ್ತುತ್ತಿದ್ದರೆ ಸ್ಪ್ರಿಂಗ್ ತೆಳ್ಳಗಾಗಿ ಉದ್ದವಾಗುತ್ತದೆ, ಒಂದೊಂದು ಸುತ್ತಿಗೂ ಒಂದು ತಂತಿಯ ದಪ್ಪದಷ್ಟು. 0.250 ತಂತಿಗೆ ಕೊನೆಯಲ್ಲಿ ಎರಡಿಂಚಿನ ಹತ್ತಿರ. ಉದ್ದವಾಗದೆ ಉಬ್ಬುತ್ತಿದ್ದರೆ ಎಡ ಬಲ ಅದಲುಬದಲಾಗಿದೆ ಎಂದರ್ಥ, ನಿಲ್ಲಿಸಿ ಹಿಂದಕ್ಕೆ ಬಿಚ್ಚಿ. ಸುತ್ತು ಮುಗಿದ ಮೇಲೆ ಬಾರನ್ನು ಹಿಡಿದೇ ಕೋನ್ ಅನ್ನು ಹೊರಮುಖವಾಗಿ ಕಾಲಿಂಚಿನಷ್ಟು ತಟ್ಟಿ ಸರಿಸಿ, ಆಮೇಲೆ ಸೆಟ್ ಸ್ಕ್ರೂ ಬಿಗಿಯಿರಿ. ಇಲ್ಲದಿದ್ದರೆ ಸುತ್ತುಗಳು ಒಂದಕ್ಕೊಂದು ಒತ್ತಿ ಉಜ್ಜಿ ಕಿರುಗುಟ್ಟುತ್ತವೆ. ಎರಡಕ್ಕೂ ಒಂದೇ ಲೆಕ್ಕದ ಸುತ್ತು ಬೀಳಲಿ.

ಕೊಳವೆಯ ಪ್ಲೈಯರ್, ಟ್ರ್ಯಾಕಿನ ಪ್ಲೈಯರ್ ಎರಡನ್ನೂ ತೆಗೆದಿರಾ? ಮರೆತು ಓಪನರ್ ಒತ್ತಿದವರ ಬಾಗಿಲಿನ ಹಲಗೆ ಮಡಚಿಹೋಗುತ್ತದೆ. ಓಪನರ್ ಕೊಂಡಿ ಬಿಡಿಸಿಯೇ ಇರಲಿ. ಬಾಗಿಲನ್ನು ಕೈಯಿಂದ ಸೊಂಟದ ಎತ್ತರಕ್ಕೆ ಎತ್ತಿ, ಕಾಲು ಅಡಿಯಲ್ಲಿಡದೆ, ಮೆಲ್ಲಗೆ ಬಿಡಿ. ಅಲ್ಲೇ ನಿಂತರೆ ಸರಿ. ಕೆಳಕ್ಕೆ ಜಾರಿದರೆ ಬಾಗಿಲು ಮುಚ್ಚಿ, ಪ್ಲೈಯರ್ ಮತ್ತೆ ಕಚ್ಚಿಸಿ, ಎರಡೂ ಸ್ಪ್ರಿಂಗ್‌ಗೆ ಕಾಲು ಸುತ್ತು ಸೇರಿಸಿ. ಮೇಲಕ್ಕೆ ಏರಿದರೆ ಕಾಲು ಸುತ್ತು ತೆಗೆಯಿರಿ. ಒಂದು ಪೂರ್ತಿ ಸುತ್ತಿಗಿಂತ ಹೆಚ್ಚು ಬದಲಿಸಬೇಕಾಗಿ ಬಂದರೆ ಸ್ಪ್ರಿಂಗ್‌ನ ಅಳತೆಯೇ ತಪ್ಪಿದೆ, ಸುತ್ತು ಸೇರಿಸಿ ಹೊಂದಿಸಿಕೊಳ್ಳಲು ಹೋಗಬೇಡಿ.

ನಿಮ್ಮದಲ್ಲದ ಬಾಗಿಲುಗಳು

ಈ ಪ್ರಶ್ನೆ ಕೇಳುವ ಉಳಿದವರಲ್ಲಿ ಕೆಲವರ ಬಾಗಿಲಿಗೆ ಮೇಲೆ ಕೊಳವೆಯಿರದೆ, ಅಡ್ಡ ಟ್ರ್ಯಾಕಿನ ಉದ್ದಕ್ಕೂ ಹಿಗ್ಗುವ ಸ್ಪ್ರಿಂಗ್ ಇರುತ್ತದೆ. ಅದು ಸುಲಭ. ಬಾಗಿಲನ್ನು ಪೂರ್ತಿ ಎತ್ತಿ ಕ್ಲ್ಯಾಂಪ್ ಬಿಗಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ತುದಿಯ ಬಣ್ಣ ಯಾವ ತೂಕದ ಬಾಗಿಲಿನದೆಂದು ಹೇಳುತ್ತದೆ: ಹಸಿರು 120 ಪೌಂಡ್, ನೀಲಿ 140, ಕೆಂಪು 150. ಸ್ಪ್ರಿಂಗ್‌ನ ಒಳಗೆ ಸುರಕ್ಷತಾ ಕೇಬಲ್ ಹಾಯಿಸುವುದನ್ನು ಬಿಡಬೇಡಿ. ಅದಿಲ್ಲದಿದ್ದರೆ ಮುಂದೆ ಮುರಿದಾಗ ತುಂಡು ಕಾರಿನ ಗಾಜಿಗೋ ಜನರ ಮೇಲೋ ಚಿಮ್ಮುತ್ತದೆ. ಬಾಗಿಲ ಮೇಲೆ ಕೊಳವೆ ಇದ್ದು ಸ್ಪ್ರಿಂಗ್ ಕಾಣದಿದ್ದರೆ ಅದು ವೇಯ್ನ್ ಡಾಲ್ಟನ್‌ನವರ ಟಾರ್ಕ್‌ಮಾಸ್ಟರ್ ಇರಬಹುದು, ಸ್ಪ್ರಿಂಗ್ ಕೊಳವೆಯ ಒಳಗಿರುತ್ತದೆ. ಮೇಲೆ ಹೇಳಿದ ಯಾವ ಕ್ರಮವೂ ಅದಕ್ಕೆ ಹೊಂದುವುದಿಲ್ಲ. 300 ಪೌಂಡ್ ದಾಟುವ ಮರದ ಬಾಗಿಲನ್ನು ಕಸುಬಿನವರಿಗೇ ಬಿಡಿ.

ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಉದ್ದಕ್ಕೂ ಲಿಥಿಯಂ ಗ್ರೀಸ್ ಸ್ಪ್ರೇ ಅಥವಾ ಮೋಟರ್ ಎಣ್ಣೆ ತೆಳುವಾಗಿ ಹಚ್ಚಿ, ವರ್ಷಕ್ಕೆ ಎರಡು ಸಲ. ಇದರಿಂದ ತಡವಾಗುವುದು ತುಕ್ಕು. ತುಕ್ಕಿನ ಚುಕ್ಕೆಯಿಂದಲೇ ಬಿರುಕು ಶುರುವಾಗಿ, ಲೋಹ ಬಿಗಿದುಕೊಳ್ಳುವ ಚಳಿಯ ರಾತ್ರಿ ಸ್ಪ್ರಿಂಗ್ ಹರಿಯುವುದುಂಟು. ಓಪನರ್ ಸೇರಿಸಿದ ಮೇಲೆ ಒಂದೂವರೆ ಇಂಚು ದಪ್ಪದ ಟೂ ಬೈ ಫೋರ್ ಮರದ ತುಂಡನ್ನು ಬಾಗಿಲಿನ ದಾರಿಯಲ್ಲಿ ಮಲಗಿಸಿ ಬಾಗಿಲು ಇಳಿಸಿ ನೋಡಿ. ಮರಕ್ಕೆ ತಾಗಿದ ಕೂಡಲೇ ಅದು ತಿರುಗಿ ಮೇಲೇಳಬೇಕು. ಏಳದಿದ್ದರೆ ಓಪನರ್‌ನ ಬಲದ ಸೆಟ್ಟಿಂಗ್ ಇಳಿಸಿ ಮತ್ತೆ ಪರೀಕ್ಷಿಸಿ. ಅದು ಸರಿಹೋಗುವವರೆಗೆ ಆ ಬಾಗಿಲನ್ನು ಬಟನ್ ಒತ್ತಿ ಮುಚ್ಚಬೇಡಿ.