ವಿಂಡೋಸ್ ಫಾರ್ಮ್ಸ್ ಕಂಟ್ರೋಲ್‌ಗಳ ರೂಪವನ್ನು ಕೋಡ್ ಮೂಲಕ ಬದಲಿಸುವುದು: ಅಧ್ಯಯನ ಟಿಪ್ಪಣಿ

ಫಾರ್ಮ್ (ಪ್ರೋಗ್ರಾಂನ ಕಿಟಕಿ) ಒಂದರಲ್ಲಿರುವ ಬಟನ್‌ನ ಬ್ಯಾಕ್‌ಕಲರ್, ಅಂದರೆ ಹಿನ್ನೆಲೆ ಬಣ್ಣ, ಬದಲಿಸಿದರೆ ಹೊಸ ಬಣ್ಣ ಕೂಡಲೇ ಕಾಣಿಸುತ್ತದೆ. ಅದೇ ಫಾರ್ಮ್‌ನ ಪ್ರೋಗ್ರೆಸ್‌ಬಾರ್‌ಗೆ ಫೋರ್‌ಕಲರ್ ಕೊಟ್ಟರೆ, ವಿಷುವಲ್ ಸ್ಟೈಲ್‌ಗಳು (ವಿಂಡೋಸ್ ಥೀಮ್‌ನ ರೂಪಗಳು) ಚಾಲನೆಯಲ್ಲಿರುವಾಗ, ಅದು ಥೀಮ್‌ನ ಬಣ್ಣದಲ್ಲೇ ಉಳಿಯುತ್ತದೆ. ಕಲಿಯುವವರನ್ನು ಗೊಂದಲಕ್ಕೀಡುಮಾಡುವ ಈ ವ್ಯತ್ಯಾಸಕ್ಕೆ ಕಾರಣ ಒಂದೇ: ಎರಡನ್ನೂ ಪರದೆಯ ಮೇಲೆ ಬರೆಯುವವರು, ಅಂದರೆ ಚಿತ್ರಿಸುವವರು, ಬೇರೆ ಬೇರೆ. 2002ರಲ್ಲಿ ಡಾಟ್‌ನೆಟ್ ಫ್ರೇಮ್‌ವರ್ಕ್‌ನ ಮೊದಲ ಆವೃತ್ತಿಯೊಂದಿಗೆ ಬಂದ, ಪ್ರೋಗ್ರಾಂಗಳ ಕಿಟಕಿಗಳನ್ನು ಕಟ್ಟಲು ಬಳಸುವ ವಿಂಡೋಸ್ ಫಾರ್ಮ್ಸ್‌ನ ಅನೇಕ ಕಂಟ್ರೋಲ್‌ಗಳು (ಬಟನ್, ಪಟ್ಟಿ ಮುಂತಾದ ಭಾಗಗಳು) ವಿಂಡೋಸ್‌ನ ಮೂಲ ಕಂಟ್ರೋಲ್‌ಗಳ ಮೇಲಿನ ಹೊದಿಕೆಗಳಷ್ಟೇ. ಬಟನ್‌ನ ಚಿತ್ರಣವನ್ನು ಸಾಮಾನ್ಯವಾಗಿ ಫ್ರೇಮ್‌ವರ್ಕ್ ತಾನೇ ಮಾಡುತ್ತದೆ; ಪ್ರೋಗ್ರೆಸ್‌ಬಾರ್‌ನದನ್ನು ವಿಂಡೋಸ್ ಮಾಡುತ್ತದೆ. ಬಟನ್‌ನ ಫ್ಲಾಟ್‌ಸ್ಟೈಲ್ ಅನ್ನು ಸಿಸ್ಟಮ್ ಎಂದು ಬದಲಿಸಿದರೆ ಅದರ ಚಿತ್ರಣವೂ ವಿಂಡೋಸ್‌ನ ಪಾಲಾಗಿ, ನಾವು ಕೊಟ್ಟ ಹಿನ್ನೆಲೆ ಬಣ್ಣ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಯಾವುದೇ ಕಂಟ್ರೋಲ್‌ನ ರೂಪಕ್ಕೆ ಕೈಹಾಕುವ ಮೊದಲು ಅದನ್ನು ಯಾರು ಬರೆಯುತ್ತಿದ್ದಾರೆ ಎಂಬುದನ್ನು ತಿಳಿದುಕೊಳ್ಳಬೇಕು.

ಬಣ್ಣ, ಫಾಂಟ್, ಅಂಚು ಇಷ್ಟೇ ಸಾಕೆನ್ನುವಲ್ಲಿ ಪ್ರಾಪರ್ಟಿಗಳೇ ಸಾಕು. ಫ್ಲಾಟ್‌ಸ್ಟೈಲ್ ಅನ್ನು ಫ್ಲಾಟ್ ಮಾಡಿದ ಬಟನ್‌ಗೆ ಫ್ಲಾಟ್‌ಅಪಿಯರೆನ್ಸ್ ಮೂಲಕ ಅಂಚಿನ ದಪ್ಪವನ್ನೂ, ಮೌಸ್ ಮೇಲೆ ಬಂದಾಗಿನ ಮತ್ತು ಒತ್ತಿದಾಗಿನ ಬಣ್ಣಗಳನ್ನೂ ನಿಗದಿಪಡಿಸಬಹುದು.

ಪಟ್ಟಿಯ ಪ್ರತಿ ಸಾಲಿಗೂ ಬೇರೆ ಬಣ್ಣ ಅಥವಾ ಚಿಕ್ಕ ಚಿತ್ರ ಬೇಕಾದಾಗ ಓನರ್‌ಡ್ರಾ ವಿಧಾನ, ಅಂದರೆ ಸಾಲುಗಳನ್ನು ನಮ್ಮ ಕೋಡೇ ಬರೆಯುವ ಕ್ರಮ, ಬೇಕಾಗುತ್ತದೆ. ಲಿಸ್ಟ್‌ಬಾಕ್ಸ್‌ನ ಡ್ರಾಮೋಡ್ ಅನ್ನು ಓನರ್‌ಡ್ರಾಫಿಕ್ಸ್‌ಡ್ ಎಂದು ಬದಲಿಸಿದ ಮೇಲೆ, ಪ್ರತಿ ಸಾಲನ್ನು ಬರೆಯಬೇಕಾದಾಗಲೂ ಡ್ರಾಐಟಮ್ ಈವೆಂಟ್ (ನಮ್ಮ ಕೋಡ್‌ಗೆ ಸಿಗುವ ಸೂಚನೆ) ಬರುತ್ತದೆ. ಅದರ ಜೊತೆಗೆ ಸಾಲಿನ ಇಂಡೆಕ್ಸ್, ಅದರ ಆಯತ, ಸ್ಥಿತಿ ಮತ್ತು ಬರೆಯಲು ಗ್ರಾಫಿಕ್ಸ್ ವಸ್ತು ಸಿಗುತ್ತವೆ. ಸಾಲುಗಳ ಎತ್ತರ ಬೇರೆ ಬೇರೆಯಾಗಿರಬೇಕಿದ್ದರೆ ಓನರ್‌ಡ್ರಾವೇರಿಯಬಲ್ ಆಯ್ದುಕೊಂಡು ಮೆಷರ್‌ಐಟಮ್ ಈವೆಂಟ್‌ನಲ್ಲಿ ಎತ್ತರವನ್ನು ತಿಳಿಸಬೇಕು. ಚೆಕ್ಡ್‌ಲಿಸ್ಟ್‌ಬಾಕ್ಸ್‌ಗೆ ಈ ಸೌಲಭ್ಯವಿಲ್ಲ.

ಡ್ರಾಐಟಮ್ ಒಳಗೆ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಬೇಕು. ಪಟ್ಟಿ ಖಾಲಿಯಿದ್ದಾಗ ಇಂಡೆಕ್ಸ್ -1 ಆಗಿ ಬರಬಹುದು. ಅದನ್ನು ಪರೀಕ್ಷಿಸದೆ ನೇರವಾಗಿ ಐಟಂ ಓದಲು ಹೋದರೆ ಎಕ್ಸೆಪ್ಶನ್ (ಓಡುವಾಗಿನ ದೋಷ) ಬರುತ್ತದೆ. ಎರಡನೆಯದು ಸ್ಥಿತಿಯ ಪರೀಕ್ಷೆ. ಸ್ಟೇಟ್ ಎಂಬುದು ಹಲವು ಬಿಟ್‌ಗಳ (ಹೌದು-ಇಲ್ಲ ಗುರುತುಗಳ) ಕೂಡಿಕೆಯಾದ್ದರಿಂದ, ಆಯ್ಕೆಯಾದ ಸಾಲಿನಲ್ಲಿ ಸೆಲೆಕ್ಟೆಡ್ ಜೊತೆಗೆ ಫೋಕಸ್ ಕೂಡ ಇರುವುದು ಸಾಮಾನ್ಯ. ಸ್ಟೇಟ್ ಸೆಲೆಕ್ಟೆಡ್‌ಗೆ ಸಮವೇ ಎಂದು ಕೇಳಿದರೆ ಆಗ ಉತ್ತರ ಇಲ್ಲ ಎಂದಾಗಿ, ಆಯ್ಕೆಯ ಬಣ್ಣ ಕಾಣಿಸುವುದೇ ಇಲ್ಲ. ಬಿಟ್‌ವೈಸ್ ಆಂಡ್ ಬಳಸಿ, ಸೆಲೆಕ್ಟೆಡ್ ಬಿಟ್ ಇದೆಯೇ ಎಂದಷ್ಟೇ ಕೇಳುವುದು ಸರಿಯಾದ ಕ್ರಮ.

ಸಿದ್ಧ ಕಂಟ್ರೋಲ್‌ಗಳಲ್ಲಿ ಇಲ್ಲದ ಆಕಾರವೇ ಬೇಕಾದರೆ ಕಂಟ್ರೋಲ್ ಕ್ಲಾಸ್‌ನಿಂದ ಹೊಸ ಕ್ಲಾಸ್ ಮಾಡಿಕೊಂಡು ಚಿತ್ರಣ ಮಾಡುವ ಆನ್‌ಪೇಂಟ್ ಮೆಥಡ್ ಅನ್ನು ಓವರ್‌ರೈಡ್ ಮಾಡಬೇಕು, ಅಂದರೆ ಅದರ ಬದಲಿಗೆ ನಮ್ಮ ಕೋಡ್ ಕೊಡಬೇಕು. ಕನ್‌ಸ್ಟ್ರಕ್ಟರ್‌ನಲ್ಲಿ ಸೆಟ್‌ಸ್ಟೈಲ್ ಮೂಲಕ ಯೂಸರ್‌ಪೇಂಟ್, ಆಲ್‌ಪೇಂಟಿಂಗ್‌ಇನ್‌ಡಬ್ಲ್ಯೂಎಂಪೇಂಟ್ ಮತ್ತು ಆಪ್ಟಿಮೈಸ್ಡ್‌ಡಬಲ್‌ಬಫರ್ ಮೂರನ್ನೂ ಒಟ್ಟಿಗೆ ಚಾಲೂ ಮಾಡಿದರೆ, ಚಿತ್ರವು ಮೊದಲು ಮೆಮೊರಿಯಲ್ಲಿ ಪೂರ್ಣಗೊಂಡು ಆಮೇಲೆ ಪರದೆಗೆ ಬರುವುದರಿಂದ ಮಿನುಗಾಟ ನಿಲ್ಲುತ್ತದೆ. ಗಾತ್ರ ಬದಲಾದಾಗ ಪೂರ್ತಿ ಮರುಬರೆಯಬೇಕಿದ್ದರೆ ರೀಸೈಸ್‌ರೀಡ್ರಾ ಕೂಡ ಬೇಕು. ಒಳಗಿನ ಮೌಲ್ಯ ಬದಲಾದಾಗ ಆನ್‌ಪೇಂಟ್ ಅನ್ನು ನಾವೇ ಕರೆಯಬಾರದು. ಇನ್‌ವ್ಯಾಲಿಡೇಟ್ ಕರೆದರೆ ಮರುಬರೆಯುವ ಕೋರಿಕೆ ದಾಖಲಾಗಿ, ಅಂಥ ಹಲವು ಕೋರಿಕೆಗಳು ಒಂದೇ ಚಿತ್ರಣದಲ್ಲಿ ಮುಗಿಯುತ್ತವೆ. ಆನ್‌ಪೇಂಟ್ ಮೇಲಿಂದ ಮೇಲೆ ಓಡುವುದರಿಂದ ಅದರೊಳಗೆ ಸೃಷ್ಟಿಸಿದ ಪೆನ್ ಮತ್ತು ಬ್ರಷ್‌ಗಳನ್ನು ಯೂಸಿಂಗ್ ಬ್ಲಾಕ್‌ನಲ್ಲಿಟ್ಟು ಬಿಡುಗಡೆ ಮಾಡುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಟೆಕ್ಸ್ಟ್‌ಬಾಕ್ಸ್‌ಗೆ ಮಾತ್ರ ಈ ದಾರಿ ಹಿಡಿಯಬೇಡಿ: ಅದನ್ನು ವಿಂಡೋಸ್ ಬರೆಯುತ್ತದೆ, ಕರ್ಸರ್ ಮತ್ತು ಪಠ್ಯದ ಆಯ್ಕೆಯನ್ನೂ ಅದೇ ನೋಡಿಕೊಳ್ಳುತ್ತದೆ. ಅಂಚು ಬೇರೆ ಬೇಕಿದ್ದರೆ, ಅಂಚಿಲ್ಲದ ಟೆಕ್ಸ್ಟ್‌ಬಾಕ್ಸ್ ಅನ್ನು ಪ್ಯಾನೆಲ್ ಒಂದರೊಳಗೆ ಇಟ್ಟು ಪ್ಯಾನೆಲ್‌ನ ಅಂಚನ್ನು ಬರೆಯುವುದು ಸುಲಭ.

ಚಿತ್ರಣವನ್ನು ನಾವು ವಹಿಸಿಕೊಂಡಾಗ, ಫ್ರೇಮ್‌ವರ್ಕ್ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳೂ ನಮ್ಮ ಹೆಗಲೇರುತ್ತವೆ. ಎನೇಬಲ್ಡ್ ಇಲ್ಲದಿರುವಾಗಿನ ಮಂಕು ರೂಪ, ಟ್ಯಾಬ್ ಕೀ ಒತ್ತಿ ಬಂದವರಿಗೆ ಕಾಣಬೇಕಾದ ಫೋಕಸ್ ಗೆರೆ, 96 ಡಿಪಿಐಗಿಂತ (ಇಂಚಿಗೆ ಚುಕ್ಕೆಗಳ ಲೆಕ್ಕ) ಹೆಚ್ಚಿನ ಪರದೆಗಳಲ್ಲಿ ಹಿಗ್ಗಬೇಕಾದ ಅಂತರಗಳು ಇವೆಲ್ಲವನ್ನೂ ಕೋಡ್‌ನಲ್ಲಿ ಬರೆಯಲೇಬೇಕು. ದೃಷ್ಟಿ ಮಂದವಿರುವವರು ಹೈ ಕಾಂಟ್ರಾಸ್ಟ್ (ಬಣ್ಣಗಳ ವ್ಯತ್ಯಾಸ ಎದ್ದುಕಾಣುವ ವ್ಯವಸ್ಥೆ) ಬಳಸುತ್ತಿದ್ದಾರೆಯೇ ಎಂಬುದನ್ನು ಸಿಸ್ಟಮ್‌ಇನ್‌ಫರ್ಮೇಶನ್‌ನ ಹೈಕಾಂಟ್ರಾಸ್ಟ್ ತಿಳಿಸುತ್ತದೆ. ಅದು ನಿಜವಾಗಿದ್ದಾಗ ನಮ್ಮ ಮೆಚ್ಚಿನ ಬಣ್ಣಗಳನ್ನು ಬದಿಗಿಟ್ಟು ಸಿಸ್ಟಮ್‌ಕಲರ್ಸ್‌ನ ಬಣ್ಣಗಳಿಂದಲೇ ಬರೆಯಬೇಕು. ಕೈಯಿಂದ ಬರೆದ ಬಟನ್ ಅನ್ನು ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬಟನ್ ಎಂದೇ ಓದಬೇಕಾದರೆ ಅಕ್ಸೆಸಿಬಲ್‌ರೋಲ್ ಮತ್ತು ಅಕ್ಸೆಸಿಬಲ್‌ನೇಮ್ ಎರಡನ್ನೂ ತುಂಬಿರಬೇಕು.